ಬಿಸಿಲು ಕಾಣದ ಚರ್ಮ

‘ರಿಯಲಿಸ್ಟಿಕ್ ಸ್ಕಿನ್’ ಅಂತ ಹೆಸರಿಟ್ಟುಕೊಂಡು ಬರುವ ಗೇಮ್ ಮಾಡ್‌ಗಳನ್ನು ನೋಡಿ ನೋಡಿ ನನಗೆ ಸಾಕಾಗಿದೆ. ಬಹಳಷ್ಟರಲ್ಲಿ ರಿಯಲ್ ಅಂದ್ರ ನುಣುಪು, ನುಣುಪು ಅಂದ್ರ ಬಿಳುಪು. ಮುಖದ ಮೇಲೆ ಒಂದು ಮಚ್ಚೆ ಇಲ್ಲ, ಮೊಣಕೈ ಕಪ್ಪಾಗಿಲ್ಲ, ಹಿಮ್ಮಡಿ ಒಡೆದಿಲ್ಲ. ಹುಟ್ಟಿದಾಗಿಂದ ಹೊಸ್ತಿಲು ದಾಟದವರ ಚರ್ಮ ಅದು. ಪರದೇಶದವರು ಹಿಂಗ ಮಾಡಿದ್ರ ‘ಅವರ ಕಣ್ಣಿಗೆ ಕಂಡದ್ದು ಅವರು ಮಾಡ್ಯಾರ’ ಅಂತ ಬಿಡಬಹುದಿತ್ತು. ಹಾವೇರಿ, ರಾಣೇಬೆನ್ನೂರು, ಬ್ಯಾಡಗಿ ಕಡೆಯ ನಮ್ಮ ಹುಡುಗರೂ ಅದನ್ನೇ ಮಾಡಾಕ ಹತ್ಯಾರಲ್ಲ, ನನ್ನ ತಕರಾರು ಅದಕ್ಕ.

ಗೊತ್ತಿಲ್ಲದವರಿಗೆ ಎರಡು ಮಾತು. ಕಂಪನಿ ಮಾಡಿದ ಗೇಮ್‌ನೊಳಗೆ ಆಡುವವರೇ ಕೈಹಾಕಿ ತಮಗೆ ಬೇಕಾದಂತೆ ಬದಲಿಸಿದರೆ ಅದು ಮಾಡ್. ಗೇಮ್‌ನೊಳಗಿನ ಮನುಷ್ಯ ಪೊಳ್ಳು ಗೊಂಬೆ. ಅವನ ಮೈಮೇಲೆ ಸುತ್ತುವ ಚಿತ್ರಕ್ಕೆ ಟೆಕ್ಸ್ಚರ್ ಅಂತಾರೆ. ಮುಖ, ಕೈ, ಕಾಲು ಎಲ್ಲವನ್ನೂ ಬಿಚ್ಚಿ ಒಂದು ಚೌಕದಲ್ಲಿ ಹರವಿದ ಹಾಗೆ ಇರುತ್ತದೆ ಅದು. ಈ ಕೆಲಸದಲ್ಲಿ ನಮ್ಮ ದೇಶದ ಹುಡುಗರು ಹಿಂದೆ ಬಿದ್ದವರಲ್ಲ. ಇಎ ಸ್ಪೋರ್ಟ್ಸ್‌ನ ‘ಕ್ರಿಕೆಟ್ 07’ ಬಂದದ್ದು 2006ರಲ್ಲಿ. ಅದರ ಮುಂದಿನ ಆವೃತ್ತಿಯನ್ನು ಕಂಪನಿ ತರಲೇ ಇಲ್ಲ. 2008ರಲ್ಲಿ ಶುರುವಾದ ಐಪಿಎಲ್ ಆ ಹಳೇ ಗೇಮ್‌ನೊಳಗೆ ಹೊಕ್ಕಿದ್ದು ಮಾಡ್ ಮಾಡುವವರ ಕೈಯಿಂದ. ಜೆರ್ಸಿ, ಬ್ಯಾಟಿನ ಸ್ಟಿಕ್ಕರ್, ಆಟಗಾರರ ಮುಖ ಎಲ್ಲವನ್ನೂ ರಾತ್ರಿ ನಿದ್ದೆಗೆಟ್ಟು ಮಾಡಿದರು, ಪಗಾರ ಇಲ್ಲದೆ. ಕೈಯಲ್ಲಿ ಕಸುಬು ಇರುವವರಿಗೇ ನಾನು ಈ ಮಾತು ಹೇಳುತ್ತಿರುವುದು.

ನಮ್ಮ ಮೋಟೆಬೆನ್ನೂರಿನಲ್ಲೇ ನನ್ನ ಅಕ್ಕನ ಮಗ ಒಂದು ಮಾಡ್ ಮಾಡುತ್ತಿದ್ದಾನೆ. ಅದರಲ್ಲಿ ಮೈಲಾರ ಮಹಾದೇವಪ್ಪನವರು ದಂಡಿಗೆ ನಡೆಯುತ್ತಾರೆ. ಕಲ್ಪನೆಗೆ ಶಹಬ್ಬಾಸ್ ಅಂದೆ. ಆದರೆ ಪರದೆ ಮೇಲೆ ನಡೆದು ಬಂದವನು ಯಾರು? ಧಾರಾವಾಹಿಯ ಮದುಮಗ! ಕೆನ್ನೆ ಗುಲಾಬಿ, ಹಣೆ ಬೆಣ್ಣೆ. ಯಾಕೋ ಹಿಂಗ ಅಂತ ಕೇಳಿದರೆ ಅವನ ಉತ್ತರ ಇದು: “ಮಾಮಾ, ಹೀರೋ ಅಲ್ರೀ ಅವರು? ಕರ್ರಗ ಮಾಡಿದ್ರ ಯಾರು ಡೌನ್‌ಲೋಡ್ ಮಾಡ್ತಾರ?”

ಈ ಒಂದು ಮಾತಿನೊಳಗೆ ನಮ್ಮ ರೋಗ ಪೂರ್ತಿ ಐತಿ ನೋಡ್ರಿ.

ಮಹಾದೇವಪ್ಪನವರು 1911ರಲ್ಲಿ ಇದೇ ಊರಲ್ಲಿ ಹುಟ್ಟಿದವರು. 1930ರ ಮಾರ್ಚ್ 12ರಂದು ಗಾಂಧೀಜಿ ಜೊತೆ ಸಾಬರಮತಿಯಿಂದ ಹೊರಟ ತಂಡದಲ್ಲಿದ್ದ ಒಬ್ಬನೇ ಕನ್ನಡಿಗ. ಆಗ ಅವರಿಗೆ 18 ವರ್ಷ. ಗುಜರಾತಿನ ಬೇಸಿಗೆಯಲ್ಲಿ 24 ದಿನ, ಸುಮಾರು 385 ಕಿಲೋಮೀಟರು, ಕಾಲ್ನಡಿಗೆ. 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ತಿರಕಪ್ಪ ಮಡಿವಾಳರ, ವೀರಯ್ಯ ಹಿರೇಮಠರ ಜೊತೆ ಪೊಲೀಸರ ಗುಂಡಿಗೆ ಬಲಿಯಾದರು. ಹುಟ್ಟಿದ ಬಣ್ಣ ಯಾವುದೇ ಇರಲಿ, 24 ದಿನ ಆ ಬಿಸಿಲಲ್ಲಿ ನಡೆದವನ ಚರ್ಮ ಅದನ್ನು ತೋರಿಸಬೇಕು. ಕುತ್ತಿಗೆ ಕಂದಬೇಕು, ತುಟಿ ಒಣಗಬೇಕು, ಪಾದದ ಮೇಲೆ ಧೂಳು ಕೂಡಬೇಕು. ಆ ಚರ್ಮಕ್ಕೆ ಪೌಡರ್ ಬಳಿದರೆ ನೀವು ಅಳಿಸಿದ್ದು ಬಣ್ಣವನ್ನಲ್ಲ, ಆ ನಡಿಗೆಯನ್ನು.

ಇನ್ನು ಕೆಲವರದು ಬೇರೆ ಸೋಮಾರಿತನ. ‘ನಾವು ಕಪ್ಪು ಪಾತ್ರಾನೂ ಮಾಡೇವ್ರಿ’ ಅಂತಾರೆ. ತೆಗೆದು ನೋಡಿದರೆ ಬಿಳಿಯರ ಟೆಕ್ಸ್ಚರ್ ಮೇಲೆ ಒಂದು ಕಂದು ಲೇಯರ್ ಹಾಕಿ, ಮಲ್ಟಿಪ್ಲೈ ಒತ್ತಿ, ಸ್ಲೈಡರ್ ಎಳೆದಿರುತ್ತಾರೆ. ಹಂಗ ಮಾಡಿದ್ರ ಅಂಗೈನೂ ಕಪ್ಪು, ಅಂಗಾಲೂ ಕಪ್ಪು. ನಮ್ಮಲ್ಲಿ ಯಾರ ಅಂಗೈ ಹಂಗೈತ್ರೀ? ಅಂಗೈ ತಿಳಿ, ಅದರ ಗೆರೆಗಳು ಕಪ್ಪು. ಬೆರಳಿನ ಗೆಣ್ಣು, ಮೊಣಕೈ, ಮೊಣಕಾಲು ಉಳಿದ ಮೈಗಿಂತ ಒಂದು ಪಾಲು ಗಾಢ. ಕಣ್ಣಿನ ಸುತ್ತ ಬೇರೆ, ತುಟಿ ಅಂಚಿಗೆ ಬೇರೆ. ಅಂಗಿ ತೋಳು ಮುಗಿಯುವಲ್ಲಿ ತೋಳಿಗೆ ಎರಡು ಬಣ್ಣ. ಬಿಳಿ ಕೆನ್ನೆಯ ಕೆಂಪು ಕಲೆ ಕಂದು ಲೇಯರ್ ಅಡಿಯಲ್ಲಿ ಉಳಿದರೆ ಅದು ಕೆಸರಿನಂತೆ ಕಾಣುತ್ತದೆ. ಎಲ್ಲರನ್ನೂ ಒಂದೇ ಇದ್ದಿಲ ಬಣ್ಣಕ್ಕೆ ತಿರುಗಿಸುವುದೂ ಸುಳ್ಳೇ. ಒಂದೇ ಮನೆಯ ಅಣ್ಣ ತಮ್ಮಂದಿರಲ್ಲಿ ಮೂರು ಬಣ್ಣ ಇರುವ ನಾಡು ಇದು.

ಸಾಧನಗಳೂ ಪೂರಾ ನಿಷ್ಪಕ್ಷಪಾತಿಗಳಲ್ಲ, ಅದನ್ನೂ ಹೇಳಬೇಕು. ಹಿಂದೆ ಕೊಡ್ಯಾಕ್ ಕಂಪನಿ ಫೋಟೋ ಲ್ಯಾಬುಗಳಿಗೆ ಕಳಿಸುತ್ತಿದ್ದ ‘ಶರ್ಲಿ ಕಾರ್ಡ್’ ಮೇಲೆ ಇದ್ದದ್ದು ಬಿಳಿ ಹೆಣ್ಣುಮಗಳ ಚಿತ್ರ. ಅವಳ ಮೈಬಣ್ಣ ಸರಿ ಬಂದರೆ ಎಲ್ಲವೂ ಸರಿ ಅಂತ ಲೆಕ್ಕ. ಕಂಪ್ಯೂಟರಿಗೆ ಬಂದರೂ ಕಥೆ ಪೂರ್ತಿ ಬದಲಾಗಲಿಲ್ಲ. ಬೆಳಕು ಚರ್ಮದೊಳಗೆ ಹೊಕ್ಕು, ಚದುರಿ, ಹೊರಬರುವುದನ್ನು ಲೆಕ್ಕ ಹಾಕುವ ಪ್ರಸಿದ್ಧ ವಿಧಾನವನ್ನು ಹೆನ್ರಿಕ್ ವಾನ್ ಜೆನ್ಸನ್ ಮತ್ತು ಸಂಗಡಿಗರು 2001ರಲ್ಲಿ ಕೊಟ್ಟರು. ದೊಡ್ಡ ಕೆಲಸ, ಸಂಶಯವಿಲ್ಲ. ಆದರೆ ಆ ಒಳಗಿನ ಹೊಳಪು ಎದ್ದು ಕಾಣುವುದು ತಿಳಿ ಚರ್ಮದಲ್ಲಿ. ಮೆಲನಿನ್ ಹೆಚ್ಚಿದ್ದಲ್ಲಿ ಬೆಳಕನ್ನು ಅದು ಹೀರಿಕೊಳ್ಳುತ್ತದೆ, ಮೇಲ್ಮೈಯ ಮಿಂಚು ಮುಂದೆ ಬರುತ್ತದೆ. ಯೇಲ್ ವಿಶ್ವವಿದ್ಯಾಲಯದ ಥಿಯೋಡರ್ ಕಿಮ್ 2020ರಲ್ಲಿ ಇದೇ ತಕರಾರನ್ನು ಎತ್ತಿದರು: ಬಿಳಿ ಚರ್ಮದ ಗುಣವನ್ನೇ ‘ಮನುಷ್ಯರ ಚರ್ಮ’ ಅಂತ ಕರೆಯುತ್ತಾ ಬಂದಿದ್ದೇವೆ ಅಂತ. ನಮ್ಮ ಮಾಡ್‌ಗಾರರು ಇದರಿಂದ ಕಲಿಯಬೇಕಾದ್ದು ಸರಳ. ಬಣ್ಣದ ಚಿತ್ರದ ಮೇಲೆ ಸುರಿಯುವ ಶ್ರಮದಲ್ಲಿ ಅರ್ಧವನ್ನಾದರೂ ಹೊಳಪು ತೋರಿಸುವ ರಫ್‌ನೆಸ್ ಚಿತ್ರಕ್ಕೆ ಕೊಡಿ. ಎಣ್ಣೆ ಹಚ್ಚಿದ ಹಣೆ, ಬೆವರಿದ ಮೂಗು, ಒಣಗಿ ಬೂದು ಹಿಡಿದ ಮೊಣಕಾಲು ಒಂದೇ ಥರ ಹೊಳೆಯುವುದಿಲ್ಲ.

ಇದು ಕಷ್ಟದ ವಿದ್ಯೆ, ನಮ್ಮಿಂದ ಆಗಾಂಗಿಲ್ಲ ಅಂತ ಯಾರೂ ಹೇಳಬ್ಯಾಡ್ರಿ. ಪಕ್ಕದ ಬ್ಯಾಡಗಿ ಮಾರ್ಕೆಟ್‌ಗೆ ಹೋಗಿ ನಿಲ್ಲಿ. ಡಬ್ಬಿ ಯಾವುದು, ಕಡ್ಡಿ ಯಾವುದು, ಯಾವ ಚೀಲದ ಕೆಂಪು ಕುಂದಿದೆ ಅಂತ ಒಂದು ಹಿಡಿ ಎತ್ತಿ ಹೇಳುವ ಕಣ್ಣು ನಮ್ಮವರದು. ಅಲ್ಲಿ ‘ಎಲ್ಲಾ ಕೆಂಪು ಒಂದೇ’ ಅಂದವನನ್ನು ಯಾರೂ ಅಂಗಡಿ ಮುಂದೆ ನಿಲ್ಲಿಸಿಕೊಳ್ಳುವುದಿಲ್ಲ. 2011ರಲ್ಲಿ ಜಿಐ ಮಾನ್ಯತೆ ಪಡೆದ ಈ ಮೆಣಸಿನಕಾಯಿಗೆ ಹೆಸರು ಬಂದದ್ದೇ ಬಣ್ಣದಿಂದ. ಅದರಿಂದ ತೆಗೆದ ಬಣ್ಣ ಲಿಪ್‌ಸ್ಟಿಕ್‌ಗೂ ಉಗುರು ಬಣ್ಣಕ್ಕೂ ಹೋಗುತ್ತದೆ. ಪರವೂರಿನ ತುಟಿಗೆ ಬಣ್ಣ ಕೊಟ್ಟ ಸೀಮೆಯವರಿಗೆ ತಮ್ಮ ಮೈಬಣ್ಣ ನೋಡೋಕೆ ನಾಚಿಕೆ ಯಾಕ?

“ಇದು ಬರೀ ಗೇಮ್ ಅಲ್ರೀ, ಇಷ್ಟ್ಯಾಕ ತಲಿ ಕೆಡಿಸ್ಕೋತೀರಿ?” ಅನ್ನುವವರಿದ್ದಾರೆ. ‘ಫೇರ್ ಅಂಡ್ ಲವ್ಲಿ’ ಕೂಡ ಬರೀ ಕ್ರೀಮ್ ಆಗಿತ್ತು. 1975ರಲ್ಲಿ ಬಂದ ಅದರ ಹೆಸರಿನಿಂದ ‘ಫೇರ್’ ತೆಗೆಯಲು 2020ರವರೆಗೆ ಕಾಯಬೇಕಾಯಿತು. ಅಷ್ಟರಲ್ಲಿ ಎಷ್ಟು ಹುಡುಗಿಯರು ಕನ್ನಡಿ ಮುಂದೆ ನಿಂತು ಅತ್ತಿರಬೇಕು? ಈಗಿನ ಮಕ್ಕಳಿಗೆ ಪರದೆಯೇ ಕನ್ನಡಿ. ಹೊರಗಿನವರು ನಮ್ಮ ನೆಲದ ಮೇಲೆ ಗೇಮ್ ಮಾಡುವುದಂತೂ ಶುರುವಾಗಿದೆ. ಕ್ಯಾಲಿಫೋರ್ನಿಯಾದ ನಾಟಿ ಡಾಗ್ ಕಂಪನಿ 2017ರ ‘ಅನ್‌ಚಾರ್ಟೆಡ್: ದ ಲಾಸ್ಟ್ ಲೆಗಸಿ’ಯಲ್ಲಿ ಪಶ್ಚಿಮಘಟ್ಟವನ್ನೂ ಬೇಲೂರು, ಹಳೇಬೀಡಿನ ಹೆಸರುಗಳನ್ನೂ ಬಳಸಿತು. ಕಲ್ಲು, ಕಾಡು ಅವರು ಕಟ್ಟಬಲ್ಲರು. ನಮ್ಮ ಮುಖ ನಮಗಿಂತ ಚೆನ್ನಾಗಿ ಅವರಿಗೆ ಗೊತ್ತಿರಬೇಕು ಅಂತ ನಿರೀಕ್ಷೆ ಮಾಡುವುದು ನ್ಯಾಯವೇ?

ಖರ್ಚಿನ ನೆಪವೂ ಬೇಡ. ಬ್ಲೆಂಡರ್, ಜಿಂಪ್, ಕ್ರೀಟಾ ಮೂರೂ ಪುಕ್ಕಟೆ. ಮೊಬೈಲ್ ಕ್ಯಾಮೆರಾ ಎಲ್ಲರ ಕಿಸೆಯಲ್ಲೂ ಐತಿ. ಬಣ್ಣದ ಚಿತ್ರಕ್ಕೆ ಸೂರ್ಯನ ನೆರಳು ಅಂಟಿರಬಾರದು, ಅದಕ್ಕೇ ಫೋಟೋವನ್ನು ಸುಡುಬಿಸಿಲಲ್ಲಿ ತೆಗೆಯಬೇಡಿ. ಮೋಡ ಕವಿದಾಗ, ಇಲ್ಲವೇ ಬೇವಿನ ನೆರಳಲ್ಲಿ ತೆಗೆಯಿರಿ. ಫ್ಲ್ಯಾಶ್ ಬೇಡ, ಬ್ಯೂಟಿ ಫಿಲ್ಟರ್ ಮೊದಲು ಬಂದ್ ಮಾಡಿ. ನಿಮ್ಮ ಅಜ್ಜಿಯ ಕೈ, ಮೆಣಸಿನಕಾಯಿ ತುಂಬು ಬಿಡಿಸುವ ಚಿಕ್ಕಮ್ಮನ ಬೆರಳು, ನೇಗಿಲು ಹಿಡಿದ ಕಾಕಾನ ಕುತ್ತಿಗೆ ನೋಡಿ. ಯಾಕೆ ಬೇಕು ಅಂತ ಅವರಿಗೆ ತಿಳಿಸಿ ಹೇಳಿ, ಒಪ್ಪಿದರೆ ಮಾತ್ರ ತೆಗೆಯಿರಿ. ಒಪ್ಪಿದವರಿಗೆ, ಮುಗಿದ ಮೇಲೆ ಪರದೆ ಮೇಲೆ ತೋರಿಸಿ.

ಅಷ್ಟು ಮಾಡಲು ಮನಸ್ಸಿಲ್ಲದವರು ತಮ್ಮ ಮಾಡ್‌ಗೆ ‘ಫೇರ್‌ನೆಸ್ ಪ್ಯಾಕ್’ ಅಂತ ಹೆಸರಿಟ್ಟುಕೊಳ್ಳಲಿ, ನನ್ನ ಅಡ್ಡಿ ಇಲ್ಲ. ‘ರಿಯಲಿಸ್ಟಿಕ್’ ಅನ್ನೋ ಮಾತನ್ನ ಮಾತ್ರ ಬಿಟ್ಟುಬಿಡ್ರಿ.