ರಾಜೀವ ಮನೆ ಬಿಟ್ಟು ಹೋಗಿದ್ದು ಸರಿಯಲ್ಲ

ಹೋದ ತಿಂಗಳ ಗೋಡೆ ಪತ್ರಿಕೆಯಲ್ಲಿ ಎಲ್ಲರೂ ಗಾದೆ, ಒಗಟು, ಚುಟುಕ ಬರೆದಿದ್ದರು. ನಾನು ಈ ಸಲ ಸಿನಿಮಾ ಬಗ್ಗೆ ಬರೀತೀನಿ ಅಂದಾಗ ಕನ್ನಡ ಮೇಷ್ಟ್ರು ಮೊದಲು ನಕ್ಕರು. ಆಮೇಲೆ "ಬರಿ, ಆದರೆ ಬರೀ ಕಥೆ ಹೇಳಬೇಡ, ನಿನಗೆ ಏನನ್ನಿಸಿತೋ ಅದನ್ನ ಬರಿ" ಅಂದರು. ಆದರೂ ಸ್ವಲ್ಪ ಕಥೆ ಹೇಳಲೇಬೇಕಾಗಿದೆ, ಕ್ಷಮಿಸಿ.

ನಮ್ಮ ಮನೆಯಲ್ಲಿ ಹಳೇ ಸಿನಿಮಾ ತಾತನದು, ಹೊಸ ಸಿನಿಮಾ ನಮ್ಮದು. ತಾತ ಟಿ.ವಿ. ಮುಂದೆ ಕೂತರೆ ರಾಜಕುಮಾರ್ ಬಿಟ್ಟು ಬೇರೆ ಯಾರೂ ಬರುವ ಹಾಗಿಲ್ಲ. ನಾವು ಅಪ್ಪನ ಮೊಬೈಲಿನಲ್ಲಿ ನೋಡೋದು, ಅದೂ ಚಾರ್ಜ್ ಇದ್ದರೆ.

ನಮ್ಮ ತರಗತಿಯ ಹುಡುಗರಿಗೆಲ್ಲ 'ಕೆ.ಜಿ.ಎಫ್.' ಅಂದರೆ ಪ್ರಾಣ. 2018ರಲ್ಲಿ ಒಂದು ಭಾಗ, 2022ರಲ್ಲಿ ಇನ್ನೊಂದು ಭಾಗ ಬಂತು. ನನಗೆ ಅದರಲ್ಲಿ ರಾಕಿಯ ತಾಯಿ ಬರುವ ಭಾಗ ಮಾತ್ರ ಇಷ್ಟ. ಉಳಿದದ್ದೆಲ್ಲ ಹೊಗೆ, ಧೂಳು, ಹೊಡೆದಾಟ. ಎಷ್ಟು ಜನ ಸತ್ತರು ಅಂತ ಎಣಿಸುತ್ತಾ ಎಣಿಸುತ್ತಾ ನಿದ್ದೆ ಬಂತು. ಕೋಲಾರದ ನಿಜವಾದ ಚಿನ್ನದ ಗಣಿ 2001ರಲ್ಲೇ ಮುಚ್ಚಿತು ಎಂದು ಸಮಾಜ ಮೇಷ್ಟ್ರು ಹೇಳಿದ ಮೇಲೂ ಕೆಲವರು ರಾಕಿ ಅಲ್ಲಿ ನಿಜವಾಗಿ ಇದ್ದ ಅಂತ ವಾದ ಮಾಡ್ತಾರೆ. ಹೆಸರು ಬರೆಯೋದಿಲ್ಲ, ಹೊಡೀತಾರೆ.

'ನಾಗರಹಾವು' 1972ರದು, ಪುಟ್ಟಣ್ಣ ಕಣಗಾಲ್ ನಿರ್ದೇಶನ. ಚಾಮಯ್ಯ ಮೇಷ್ಟ್ರ ಮಾತು ಕೇಳಿ ಅಲಮೇಲುವನ್ನು ಬಿಟ್ಟುಕೊಟ್ಟ ರಾಮಾಚಾರಿಗೆ ಏನು ಸಿಕ್ಕಿತು? ಗುರುಗಳು ಕೋಪ ಮಾಡಿಕೊಳ್ಳಬಾರದು. ಚಿತ್ರದುರ್ಗದ ಕೋಟೆ ಮಾತ್ರ ಬಹಳ ಚೆನ್ನಾಗಿ ಕಾಣುತ್ತೆ, ಈ ವರ್ಷದ ಪ್ರವಾಸಕ್ಕೆ ಅಲ್ಲಿಗೇ ಕರೆದುಕೊಂಡು ಹೋಗಬೇಕೆಂದು ವಿನಂತಿ.

ನಾನು ಮುಖ್ಯವಾಗಿ ಬರೆಯಬೇಕೆಂದಿದ್ದು 'ಬಂಗಾರದ ಮನುಷ್ಯ'ದ ಬಗ್ಗೆ. ಅದೂ 1972ರದೇ. ಬೆಂಗಳೂರಿನ ಸ್ಟೇಟ್ಸ್ ಚಿತ್ರಮಂದಿರದಲ್ಲಿ ಎರಡು ವರ್ಷ ಓಡಿತಂತೆ. ಅದನ್ನು ನೋಡಿ ಪಟ್ಟಣದಲ್ಲಿದ್ದವರು ಊರಿಗೆ ಬಂದು ಬೇಸಾಯ ಮಾಡಿದರು ಅಂತ ತಾತ ಹೇಳ್ತಾರೆ. ರಾಜೀವ ಅಕ್ಕನ ಊರಿಗೆ ಬರುತ್ತಾನೆ, ಭಾವ ತೀರಿಕೊಳ್ಳುತ್ತಾರೆ, ಸಂಸಾರವೆಲ್ಲ ಇವನ ಹೆಗಲಿಗೆ ಬೀಳುತ್ತೆ. ಕಲ್ಲು ಭೂಮಿಯಲ್ಲಿ ಬೆಳೆ ತೆಗೀತಾನೆ. ಅಕ್ಕನ ಮಗ ಕೇಶವನನ್ನು ಓದಿಸ್ತಾನೆ. ಕಡೆಗೆ ಆ ಕೇಶವನೇ ಅನುಮಾನಪಟ್ಟು ಕೆಟ್ಟ ಮಾತು ಆಡಿದಾಗ ರಾಜೀವ ಏನೂ ಹೇಳದೆ ಮನೆ ಬಿಟ್ಟು ನಡೆದುಬಿಡುತ್ತಾನೆ. ಅಲ್ಲಿ ತಾತ ಪ್ರತೀ ಸಲ ಟವೆಲ್‌ನಲ್ಲಿ ಕಣ್ಣು ಒರೆಸಿಕೊಳ್ತಾರೆ. ನನಗೆ ಮಾತ್ರ ಸಿಟ್ಟು ಬರುತ್ತೆ.

ಸತ್ತುಹೋದ ಭಾವನ ಮರ್ಯಾದೆ ಉಳಿಸೋಕೆ ರಾಜೀವ ನಿಜ ಹೇಳಲಿಲ್ಲ. ಸರಿ, ಒಪ್ಪಿದೆ. ಆದರೆ ಬದುಕಿರೋ ಅಕ್ಕನ ಗತಿ? ಮೊದಲೇ ಗಂಡ ಹೋದ, ಈಗ ತಮ್ಮನೂ ಹೋದ. "ಸ್ವಾಭಿಮಾನ ಇರೋನು ಹಾಗೇ ಮಾಡೋದು, ನಿನಗೆ ತಿಳಿಯಲ್ಲ ಸುಮ್ನಿರು" ಅಂತಾರೆ ತಾತ.

ನನಗೆ ಯಾಕೆ ತಿಳಿಯುತ್ತೆ ಅಂದರೆ, ನಮ್ಮ ಮನೆಯಲ್ಲೂ ಹೀಗೇ ಆಗಿದೆ. ಮೂರು ವರ್ಷದ ಹಿಂದೆ ಬೋರ್‌ವೆಲ್ ಸಾಲದ ಲೆಕ್ಕದಲ್ಲಿ ಅಪ್ಪ ಚಿಕ್ಕಪ್ಪನಿಗೆ ಒಂದು ಮಾತು ಅಂದರು. ಯಾವ ಮಾತು ಅಂತ ಬರೆಯೋದಿಲ್ಲ. ಚಿಕ್ಕಪ್ಪ ತಿರುಗಿ ಏನೂ ಅನ್ನಲಿಲ್ಲ. ಬೆಳಿಗ್ಗೆ ಮೊದಲ ಬಸ್ಸಿಗೆ ಬೆಂಗಳೂರಿಗೆ ಹೊರಟುಹೋದರು. ವಾರದ ಮೇಲೆ ಟ್ರಂಕಿನಲ್ಲಿ ರಸೀದಿ ಸಿಕ್ಕಿತು, ಲೆಕ್ಕ ಸರಿಯಾಗಿಯೇ ಇತ್ತು. ಊರಿನವರೆಲ್ಲ ಚಿಕ್ಕಪ್ಪನನ್ನ ಬಂಗಾರದಂಥ ಮನುಷ್ಯ ಅಂತಾರೆ. ಅಜ್ಜಿ ಮಾತ್ರ ಸಾಯಂಕಾಲದ ಬಸ್ಸಿನ ಹಾರ್ನ್ ಕೇಳಿದರೆ ಬಾಗಿಲಿಗೆ ಬಂದು ನಿಲ್ಲುತ್ತೆ. ಆ ರಸೀದಿಯನ್ನ ಹೋಗೋ ಮುಂಚೆ ಅಪ್ಪನ ಮುಂದೆ ಇಟ್ಟಿದ್ದರೆ ಏನಾಗ್ತಿತ್ತು?

ಹೊಸ ಸಿನಿಮಾದಲ್ಲಿ ನನಗೆ ಹಿಡಿಸಿದ್ದು 2022ರ 'ಕಾಂತಾರ'. ರಿಷಬ್ ಶೆಟ್ಟಿಯವರೇ ನಿರ್ದೇಶನ ಮಾಡಿ ಶಿವನ ಪಾತ್ರ ಮಾಡಿದ್ದಾರೆ. (2025ರಲ್ಲಿ ಬಂದ ಇನ್ನೊಂದು 'ಕಾಂತಾರ' ಇನ್ನೂ ನೋಡಿಲ್ಲ.) ಅದರಲ್ಲಿ ಬರೋ ಕೂಗಿಗೆ ನನ್ನ ತಮ್ಮ ಹೆದರಿ ಕಂಬಳಿಯೊಳಗೆ ಸೇರಿಕೊಂಡ. ಶಿವನೂ ಕಡೆಗೆ ರಾಜೀವನ ಹಾಗೆ ಹೊರಟುಹೋಗುತ್ತಾನೆ, ಕಾಡಿನಲ್ಲಿ ಮಾಯವಾಗ್ತಾನೆ. ಆದರೆ ಹೋಗೋ ಮುಂಚೆ ಏನು ಮಾಡ್ತಾನೆ ನೋಡಿ. ಮೊದಲು ಜಗಳ ಆಡ್ತಿದ್ದ ಅರಣ್ಯ ಅಧಿಕಾರಿ ಮುರಳಿಯನ್ನೂ ಊರಿನವರನ್ನೂ ಹತ್ತಿರ ಕರೆದು, ಎಲ್ಲರ ಕೈಯನ್ನ ಒಟ್ಟಿಗೆ ಹಿಡಿದು ಎದೆಗೆ ಇಟ್ಟುಕೊಳ್ತಾನೆ. ಬಾಯಲ್ಲಿ ಒಂದು ಮಾತೂ ಇಲ್ಲ. ಆಮೇಲೆ ಹೋಗ್ತಾನೆ. ರಾಜೀವ ಹೋದಾಗ ಮನೆ ಒಡೆದೇ ಉಳಿಯಿತು, ಶಿವ ಹೋದಾಗ ಊರು ಕೂಡಿತ್ತು.

ಇದನ್ನ ತಾತನಿಗೆ ಹೇಳಿದೆ. ತಾತ ತುಂಬಾ ಹೊತ್ತು ಸುಮ್ಮನಿದ್ದರು. ಆಮೇಲೆ "ರಾಜಕುಮಾರ್‌ಗೆ ತಪ್ಪು ಹುಡುಕೋ ಅಷ್ಟು ದೊಡ್ಡೋರಾದ್ರಾ?" ಅಂದರು. ಆದರೆ ರಾತ್ರಿ ಊಟಕ್ಕೆ ಕೂತಾಗ ಅವರೇ "ಆ ಕೈ ಹಿಡಿಯೋದು ಇನ್ನೊಂದು ಸಲ ತೋರ್ಸು" ಅಂದರು. ಅಪ್ಪನೂ ಪಕ್ಕದಲ್ಲೇ ಇದ್ದರು.

ಈ ಸಲ ಯುಗಾದಿಗೆ ಬರಬೇಕು ಅಂತ ಚಿಕ್ಕಪ್ಪನಿಗೆ ಕಾಗದ ಬರೆದು ಡಬ್ಬಕ್ಕೆ ಹಾಕಿದ್ದೀನಿ. ಬಂದರೆ ಎಲ್ಲರೂ ಸೇರಿ 'ಕಾಂತಾರ' ನೋಡೋದು ಅಂತ ನನ್ನ ಆಸೆ. ಮೊಬೈಲ್ ಕೊಡಬೇಕಾದವರು ಅಪ್ಪ. ಮುಂದಿನ ಶನಿವಾರ ಪೋಷಕರ ಸಭೆಗೆ ಅವರು ಶಾಲೆಗೆ ಬರ್ತಾರೆ, ಬಂದವರು ಈ ಗೋಡೆ ಓದದೆ ಹೋಗೋದಿಲ್ಲ.