ಕಾಡುಕೋಣಕ್ಕೆ ವಾಟ್ಸಾಪ್ ಇಲ್ಲ

"ಮಲೆನಾಡಿನಲ್ಲಿ ಮಗು ಕಾಣೆಯಾಗಿದೆ, ದಯವಿಟ್ಟು ಎಲ್ಲಾ ಗ್ರೂಪಿಗೂ ಶೇರ್ ಮಾಡಿ." ಇಂಥ ಮೆಸೇಜು ನಿಮಗೂ ಬಂದಿರುತ್ತೆ. ಜೊತೆಗೆ ಹುಟ್ಟುಹಬ್ಬದ ದಿನ ತೆಗೆದ ಒಂದು ಫೋಟೋ. ಐದು ನಿಮಿಷದಲ್ಲಿ ಕೈಮುಗಿದ ಎಮೋಜಿಗಳು ಸಾಲುಗಟ್ಟುತ್ತವೆ. ಫೋಟೋ ಮಾರತ್ತಹಳ್ಳಿಯಿಂದ ವೈಟ್‌ಫೀಲ್ಡಿಗೆ, ಅಲ್ಲಿಂದ ನ್ಯೂಜೆರ್ಸಿಗೆ ಹೋಗುತ್ತೆ. ಅದು ತಲುಪದೇ ಇರೋದು ಒಂದೇ ಜಾಗಕ್ಕೆ, ಮಗು ಇರೋ ಜಾಗಕ್ಕೆ. ಅಲ್ಲಿ ನೆಟ್‌ವರ್ಕ್ ಇಲ್ಲ. ಇದ್ದರೂ ಆ ಫೋಟೋ ನೋಡಿ ಗುರುತು ಹಿಡಿಯೋದು ಯಾರು? ಕಾಡುಕೋಣವಾ?

ತಮಾಷೆಗೆ ಹೇಳ್ತಿಲ್ಲ. ಕಾಣೆಯಾದ ಮಗುವನ್ನು ಹುಡುಕೋಕೆ ನಾವು ಕಟ್ಟಿಕೊಂಡಿರುವ ವ್ಯವಸ್ಥೆಯೆಲ್ಲ ಒಂದು ನಂಬಿಕೆಯ ಮೇಲೆ ನಿಂತಿದೆ: ಮಗು ಎಲ್ಲೋ ಜನರ ನಡುವೆ ಇದೆ, ಯಾರಾದರೂ ನೋಡೇ ನೋಡ್ತಾರೆ. ಸಿಸಿಟಿವಿ, ಬಸ್‌ಸ್ಟ್ಯಾಂಡಿನ ಪೋಸ್ಟರು, 1098, ಟ್ರ್ಯಾಕ್‌ಚೈಲ್ಡ್ ಪೋರ್ಟಲ್ಲು ಎಲ್ಲದರ ಹಿಂದೆಯೂ ಅದೇ ನಂಬಿಕೆ. 2013ರಲ್ಲಿ ಸುಪ್ರೀಂ ಕೋರ್ಟು, ಮಗು ಕಾಣೆಯಾದ ದೂರು ಬಂದರೆ ಎಫ್‌ಐಆರ್ ಹಾಕಲೇಬೇಕು, ಅಪಹರಣ ಅಥವಾ ಸಾಗಾಣಿಕೆ ಆಗಿದೆ ಅಂತಲೇ ಮೊದಲು ಅಂದುಕೊಳ್ಳಬೇಕು ಅಂದಿತು. ಒಳ್ಳೆಯ ಆದೇಶ. ಇಪ್ಪತ್ನಾಲ್ಕು ಗಂಟೆ ಕಾಯಿರಿ ಅನ್ನೋ ಪೊಲೀಸರ ಬಾಯಿ ಮುಚ್ಚಿಸೋಕೆ ಅದು ಬೇಕಾಗಿತ್ತು. ಆದರೆ ದನ ಹುಡುಕಿಕೊಂಡು ಕಾನಿನೊಳಗೆ ಹೋದ ಆರು ವರ್ಷದ ಹುಡುಗನನ್ನು ಯಾರೂ ಅಪಹರಿಸಿಲ್ಲ. ಅವನಿಗೆ ದಾರಿ ತಪ್ಪಿದೆ, ಅಷ್ಟೆ. ಅವನಿಗಾಗಿ ನಮ್ಮ ಹತ್ತಿರ ಏನಿದೆ?

ಸ್ವಲ್ಪ ಲೆಕ್ಕ ಮಾಡೋಣ, ನಮ್ಮ ಕಸುಬೇ ಅದಲ್ವಾ. ಮಗು ಗಂಟೆಗೆ ಒಂದು ಕಿಲೋಮೀಟರ್ ನಡೆಯುತ್ತೆ ಅಂತಿಟ್ಟುಕೊಳ್ಳಿ. ಒಂದು ಗಂಟೆ ಕಳೆದರೆ ಹುಡುಕಬೇಕಾದ ಜಾಗ ಸುಮಾರು 3 ಚದರ ಕಿಲೋಮೀಟರ್. ಮೂರು ಗಂಟೆ ಕಳೆದರೆ 9 ಅಲ್ಲ, 28. ಈಗ ನಲವತ್ತು ಜನ ಐದೈದು ಮೀಟರ್ ಅಂತರದಲ್ಲಿ ಸಾಲಾಗಿ ನಿಂತು, ಮುಳ್ಳು, ಬಿದಿರು ಬಿಡಿಸಿಕೊಂಡು ಗಂಟೆಗೆ ಅರ್ಧ ಕಿಲೋಮೀಟರ್ ಸಾಗಿದರೆ ಗಂಟೆಗೆ ಮುಗಿಯೋದು 0.1 ಚದರ ಕಿಲೋಮೀಟರ್. ಮೂರು ಗಂಟೆ ತಡವಾಗಿ ಶುರು ಮಾಡಿದರೆ ಅಷ್ಟೂ ಜಾಗ ಮುಗಿಸೋಕೆ 280 ಗಂಟೆ. ನಿಜ, ಮಗು ನೇರವಾಗಿ ನಡೆಯಲ್ಲ, ಸುತ್ತಿ ಸುತ್ತಿ ಅಲ್ಲೇ ಹತ್ತಿರ ಇರಬಹುದು. ಆದರೆ ಯಾವ ಹತ್ತಿರ? ಅದನ್ನ ಊಹಿಸೋಕೆ ಕಾಲುದಾರಿ, ಹಳ್ಳ, ದನ ಇಳಿಯೋ ಜಾಗ, ಹಣ್ಣು ಸಿಗೋ ಮರ ಗೊತ್ತಿರಬೇಕು. ಗೂಗಲ್ ಮ್ಯಾಪಿನಲ್ಲಿ ಅದೆಲ್ಲ ಬರೀ ಹಸಿರು ಬಣ್ಣ.

ಇನ್ನೊಂದು ವಿಷಯ ಪೇಟೆಯವರಿಗೆ ನಂಬೋಕೇ ಆಗಲ್ಲ. ದಾರಿ ತಪ್ಪಿದ ಸಣ್ಣ ಮಕ್ಕಳು ಎಷ್ಟೋ ಸಲ ಕರೆದರೆ ಓಗೊಡಲ್ಲ. ಹೆದರಿ ಪೊದೆಯೊಳಗೆ, ಬಂಡೆ ಸಂದಿಯಲ್ಲಿ ಮುದುಡಿಕೊಂಡು ಮಲಗಿಬಿಡ್ತವೆ. ರಾತ್ರಿ ಹೊತ್ತು ಟಾರ್ಚು ಹಿಡಿದು ಅರಚಿಕೊಂಡು ಬರೋ ಗಂಡಸರ ಗುಂಪು ಆ ಮಗುವಿಗೆ ಹೇಗೆ ಕಾಣಿಸಬೇಕು ಹೇಳಿ! ಬಯ್ತಾರೆ ಅನ್ನೋ ಭಯ ಬೇರೆ. ನಮ್ಮೂರಲ್ಲಿ ಯಾರಾದರೂ ಕಾಣಲಿಲ್ಲ ಅಂದರೆ ಅರ್ಧ ಗಂಟೆಯಲ್ಲಿ ಐವತ್ತು ಜನ ಸೇರ್ತಾರೆ, ಊಟ ಬಿಟ್ಟು, ಉಂಬಳ ಕಚ್ಚಿಸಿಕೊಂಡು ಬೆಳಗಾಗೋವರೆಗೂ ಹುಡುಕ್ತಾರೆ. ಆ ಒಳ್ಳೇತನಕ್ಕೆ ಬೆಲೆ ಕಟ್ಟೋಕಾಗಲ್ಲ. ಆದರೆ ಎಲ್ಲರೂ ಒಂದೇ ದಾರಿಯಲ್ಲಿ ಹೋಗ್ತಾರೆ. ಮಗುವಿನ ಹೆಜ್ಜೆಗುರುತಿನ ಮೇಲೆ ನೂರು ಚಪ್ಪಲಿ ಬೀಳುತ್ತೆ, ಪೊಲೀಸ್ ನಾಯಿ ಬರೋ ಹೊತ್ತಿಗೆ ವಾಸನೆಯೆಲ್ಲ ಕಲಸಿಹೋಗಿರುತ್ತೆ. ಕೂ ಹಾಕಿದ ಮೇಲೆ ಸುಮ್ಮನೆ ನಿಂತು ಕಿವಿಗೊಡೋರು ಕಡಿಮೆ. ಯಾವ ಗುಡ್ಡ ನೋಡಿಯಾಯ್ತು, ಯಾವುದು ಬಾಕಿ ಅಂತ ಒಂದು ಚೀಟಿಯಲ್ಲೂ ಬರೆದಿಟ್ಟಿರಲ್ಲ. ತಪ್ಪು ಊರಿನವರದ್ದಲ್ಲ, ಅವರಿಗೆ ಇದನ್ನ ಹೇಳಿಕೊಟ್ಟವರು ಯಾರು?

ಇಷ್ಟು ಹೇಳಿದರೆ ನಮ್ಮ ಫ್ರೆಂಡ್ಸು ತಕ್ಷಣ ಲ್ಯಾಪ್‌ಟಾಪ್ ತೆಗೀತಾರೆ. "ಮಚ್ಚಾ, ಒಂದು ಆ್ಯಪ್ ಮಾಡೋಣ." ಮಕ್ಕಳ ಕೈಗೆ ಜಿಪಿಎಸ್ ವಾಚು ಕಟ್ಟೋಣ ಅಂತಾನೆ ಒಬ್ಬ. ವಾಚಿಗೆ ತಾನೆಲ್ಲಿದ್ದೀನಿ ಅಂತ ಉಪಗ್ರಹದಿಂದ ಗೊತ್ತಾಗುತ್ತೆ, ಸರಿ. ಅದನ್ನ ನಮಗೆ ಹೇಳೋಕೆ ಟವರ್ ಬೇಕಲ್ಲ! 2020ರ ಲಾಕ್‌ಡೌನಿನಲ್ಲಿ ಆನ್‌ಲೈನ್ ಕ್ಲಾಸಿಗೆ ಮಕ್ಕಳು ಗುಡ್ಡ ಹತ್ತಿದ್ದು ಮರೆತುಹೋಯ್ತಾ? 112 ಬೇರೆ ಕಂಪನಿಯ ಟವರಿನಿಂದಲೂ ಹೋಗುತ್ತೆ, ಆದರೆ ಯಾವ ಕಂಪನಿಯದೂ ಇಲ್ಲದ ಕಡೆ? ಇನ್ನೊಬ್ಬ ಡ್ರೋನ್ ಅಂತಾನೆ. ಬಯಲುಸೀಮೆಯ ಹೊಲದಲ್ಲಿ ಡ್ರೋನ್ ಬಂಗಾರ. ವರ್ಷಕ್ಕೆ 7000 ಮಿಲಿಮೀಟರ್ ಮಳೆ ಸುರಿಯುವ ಆಗುಂಬೆಯ ಕಡೆ, ಜುಲೈ ತಿಂಗಳಲ್ಲಿ, ಎಲೆ ಮೇಲೆ ಎಲೆ ಮುಚ್ಚಿದ ಮರದಡಿ ಇರೋ ಮಗುವನ್ನು ಥರ್ಮಲ್ ಕ್ಯಾಮೆರಾನೂ ಕಾಣಲ್ಲ. ನಾನು ತಂತ್ರಜ್ಞಾನದ ವಿರೋಧಿ ಅಲ್ಲ ಮಾರಾಯ್ರೆ, ನನ್ನ ಮನೆ ಇಎಂಐ ಕಟ್ಟೋದೇ ಅದು. ಆದರೆ ನಾವು ಮೊದಲು ಪರಿಹಾರ ತಗೊಂಡು ಬಂದು ಆಮೇಲೆ ಅದಕ್ಕೆ ಒಪ್ಪುವ ಸಮಸ್ಯೆ ಹುಡುಕೋ ಜಾತಿ.

ತಂತ್ರಜ್ಞಾನ ಎಲ್ಲಿ ಕೆಲಸಕ್ಕೆ ಬರುತ್ತೆ ಅನ್ನೋದಕ್ಕೆ ಕೊಲಂಬಿಯಾ ನೋಡಿ. 2023ರ ಮೇ 1ರಂದು ಅಮೆಜಾನ್ ಕಾಡಿನಲ್ಲಿ ಒಂದು ಸಣ್ಣ ವಿಮಾನ ಬಿತ್ತು. ದೊಡ್ಡವರೆಲ್ಲ ಸತ್ತರು, ನಾಲ್ಕು ಮಕ್ಕಳು ಉಳಿದರು. ದೊಡ್ಡವಳಿಗೆ 13 ವರ್ಷ, ಕೊನೆಯದು ಇನ್ನೂ ಕೈಗೂಸು. ಸೈನ್ಯ ಬಂತು, ಹೆಲಿಕಾಪ್ಟರ್ ಬಂತು, ನಾಯಿಗಳು ಬಂದವು. ಮಕ್ಕಳು ಸಿಗಲಿಲ್ಲ. ಹುಡುಕುವವರು ಅವರ ಹತ್ತಿರದಲ್ಲೇ ಹಾದುಹೋಗಿದ್ದೂ ಉಂಟು. ಕಾಡಿನ ಮೂಲನಿವಾಸಿಗಳು ಸೈನಿಕರ ಜೊತೆ ಸೇರಿ ಹುಡುಕಿದರು. ಹೆಲಿಕಾಪ್ಟರಿಗೆ ಧ್ವನಿವರ್ಧಕ ಕಟ್ಟಿ, ಅಜ್ಜಿಯ ದನಿಯನ್ನು ಅವರದೇ ಹುಯಿತೊತೊ ಭಾಷೆಯಲ್ಲಿ ಕಾಡಿನ ಮೇಲೆ ಹರಡಿದರು: ಇದ್ದಲ್ಲೇ ಇರಿ, ನಿಮ್ಮನ್ನು ಹುಡುಕ್ತಿದ್ದಾರೆ ಅಂತ. ನಲವತ್ತನೇ ದಿನ, ಜೂನ್ 9ಕ್ಕೆ, ನಾಲ್ವರೂ ಜೀವಂತ ಸಿಕ್ಕರು. ಕಂಡವರು ಆ ಮೂಲನಿವಾಸಿಗಳೇ. ಮಕ್ಕಳು ಅಷ್ಟು ದಿನ ಬದುಕಿದ್ದೂ ಕಾಡಿನ ಹಣ್ಣು, ಬೀಜ ಯಾವುದು ತಿನ್ನಬಹುದು ಅಂತ ಗೊತ್ತಿದ್ದರಿಂದ.

ನಾವು ಏನು ಮಾಡ್ತಿದ್ದೀವಿ? ಬಿಳಿಗಿರಿರಂಗನ ಬೆಟ್ಟದಲ್ಲಿ ಸೋಲಿಗರನ್ನು, ನಾಗರಹೊಳೆಯಲ್ಲಿ ಜೇನುಕುರುಬರನ್ನು ಕಾಡಿನಿಂದ ಹೊರಗೆ ಕಳಿಸಿದ್ದೀವಿ. ಕಾಡಿನ ಒಳದಾರಿ ಬಲ್ಲ ವಾಚರನ್ನು ದಿನಗೂಲಿಯಲ್ಲಿ ಇಟ್ಟುಕೊಂಡಿದ್ದೀವಿ. ಹುಡುಕಾಟಕ್ಕೆ ಹೋಗಿ ಅವನ ಕಾಲು ಮುರಿದರೆ, ಹಾವು ಕಚ್ಚಿದರೆ ಖರ್ಚು ಯಾರದು? ನೀರಿನ ವಿಷಯದಲ್ಲೂ ಇದೇ ಕತೆ. 2022ರ ಆಗಸ್ಟಿನಲ್ಲಿ ಬೈಂದೂರು ತಾಲ್ಲೂಕಿನಲ್ಲಿ ಶಾಲೆ ಬಿಟ್ಟು ಮನೆಗೆ ಹೊರಟ ಪುಟ್ಟ ಹುಡುಗಿ ಕಾಲುಸಂಕದಿಂದ ಜಾರಿ ಹಳ್ಳಕ್ಕೆ ಬಿದ್ದಳು. ಸಿಕ್ಕಿದ್ದು ಎರಡು ದಿನದ ಮೇಲೆ, ಹೆಣವಾಗಿ. 2024ರಲ್ಲಿ ಶಿರೂರಿನ ಗುಡ್ಡ ಕುಸಿದಾಗ ಗಂಗಾವಳಿಗೆ ಇಳಿದವರಲ್ಲಿ ಮಲ್ಪೆಯ ಈಶ್ವರ್ ಇದ್ದರು, ಸರ್ಕಾರಿ ನೌಕರ ಅಲ್ಲ, ಸ್ವಂತ ಆಸಕ್ತಿಯ ಮುಳುಗುಗಾರ. ಇಂಥವರನ್ನು ಹೀರೋ ಅಂತ ಸನ್ಮಾನಿಸಿ ಶಾಲು ಹೊದಿಸೋದು ನಮಗೆ ಇಷ್ಟ. ಶಾಲಿಗೆ ಇನ್ನೂರು ರೂಪಾಯಿ, ಇನ್ಶೂರೆನ್ಸಿಗೆ ಅದಕ್ಕಿಂತ ಜಾಸ್ತಿ ಆಗುತ್ತೆ ನೋಡಿ!

ಕೊಳವೆಬಾವಿಗೆ ಮಗು ಬಿದ್ದರೆ ಮಾತ್ರ ಇಡೀ ರಾಜ್ಯ ಎದ್ದು ಕೂರುತ್ತೆ. 2024ರ ಏಪ್ರಿಲ್‌ನಲ್ಲಿ ಇಂಡಿ ತಾಲ್ಲೂಕಿನ ಲಚ್ಯಾಣದಲ್ಲಿ ಮಗುವನ್ನು ಜೀವಂತ ಎತ್ತಿದಾಗ ನಾನೂ ಕಣ್ಣೊರೆಸಿಕೊಂಡೆ. ಅಲ್ಲಿ ಮಗು ಎಲ್ಲಿದೆ ಅಂತ ಗೊತ್ತು, ಕ್ಯಾಮೆರಾ ಇಡೋಕೆ ಜಾಗ ಇದೆ. ಕಾಡಿನಲ್ಲಿ ಟಿವಿಯವರು ಯಾವ ಕಡೆ ಕ್ಯಾಮೆರಾ ತಿರುಗಿಸಬೇಕು? ತೋರಿಸೋಕೆ ಏನೂ ಇಲ್ಲದ ಹುಡುಕಾಟಕ್ಕೆ ಒತ್ತಡವೂ ಇಲ್ಲ.

ಬೇಕಾಗಿರೋದು ದೊಡ್ಡದೇನಲ್ಲ. 2005ರ ಕಾಯ್ದೆಯ ಪ್ರಕಾರ ಪ್ರತಿ ಜಿಲ್ಲೆಗೂ ವಿಪತ್ತು ನಿರ್ವಹಣಾ ಯೋಜನೆ ಇರಲೇಬೇಕು. ಅದರಲ್ಲಿ ಒಂದು ಪುಟ ಇದಕ್ಕಿರಲಿ: ಕಾಡಂಚಿನ ಪ್ರತಿ ಪಂಚಾಯಿತಿಯಲ್ಲಿ ದಾರಿ ಬಲ್ಲ ಹತ್ತು ಜನರ ಹೆಸರು, ಕರೆದ ದಿನಕ್ಕೆ ಕೂಲಿ, ವಿಮೆ. ಹುಡುಕಾಟಕ್ಕೆ ಯಜಮಾನ ಯಾರು, ಪೊಲೀಸಾ, ಫಾರೆಸ್ಟಾ, ತಹಶೀಲ್ದಾರಾ ಅನ್ನೋದು ಮಳೆಗಾಲಕ್ಕೆ ಮೊದಲೇ ತೀರ್ಮಾನ ಆಗಿರಲಿ, ಮಗು ಹೋದ ಮೇಲೆ ಅಲ್ಲ. ಒಂದು ಮ್ಯಾಪು, ಒಂದು ಪೆನ್ಸಿಲ್ಲು, ನಾಲ್ಕು ವೈರ್‌ಲೆಸ್ ಸೆಟ್ಟು.

ಈ ವರ್ಷ ಆಫೀಸಿನಲ್ಲಿ ಸಿಎಸ್‌ಆರ್ ದುಡ್ಡಿಗೆ ಐಡಿಯಾ ಕೊಡಿ ಅಂದಾಗ ಇದನ್ನೇ ಬರೆದುಕೊಟ್ಟೆ. ವೈರ್‌ಲೆಸ್ ಸೆಟ್, ಹಗ್ಗ, ಟಾರ್ಚು, ವಿಷಲ್ಲು, ಇನ್ಶೂರೆನ್ಸ್ ಕಂತು. ಚೆನ್ನಾಗಿದೆ ಅಂದರು. ಆಮೇಲೆ ಕೇಳಿದರು, "ಇದಕ್ಕೆ ಡ್ಯಾಶ್‌ಬೋರ್ಡ್ ಹೇಗೆ ಮಾಡೋದು?"