ಮೊದಲು ಮನಸ್ಸು ಹಿಡಿಯಿರಿ, ಆಮೇಲೆ ಕೈ ಹಿಡಿಯಿರಿ

ಗೋಕಾಕ, ಮೂಡಲಗಿ, ಹುಕ್ಕೇರಿ ತಾಲೂಕುಗಳ ಪಾಲಕರಿಗೂ ದವಾಖಾನೆ, ಲ್ಯಾಬ್ ಸಿಬ್ಬಂದಿಗೂ ಒಂದು ಮನವಿ



ಮಳೆಗಾಲ ಬಂತೆಂದರೆ ಜ್ವರದ ಮಕ್ಕಳನ್ನು ಎತ್ತಿಕೊಂಡು ದವಾಖಾನೆಗೆ ಓಡುವುದು ನಮ್ಮ ಕಡೆ ಇದ್ದದ್ದೇ. ಡೆಂಗಿಯೋ ಟೈಫಾಯ್ಡೋ ತಿಳಿಯಬೇಕು, ಪ್ಲೇಟ್‌ಲೆಟ್ ಎಷ್ಟಿದೆ ನೋಡಬೇಕು ಅಂದರೆ ರಕ್ತ ತೆಗೆಯಲೇಬೇಕು. ಅದಕ್ಕೆ ನಮ್ಮ ತಕರಾರಿಲ್ಲ. ತಕರಾರು ಇರುವುದು ತೆಗೆಯುವ ರೀತಿಗೆ. ಮಗುವನ್ನು ಟೇಬಲ್ ಮೇಲೆ ಅಂಗಾತ ಮಲಗಿಸಿ, ಒಬ್ಬರು ಕಾಲು, ಒಬ್ಬರು ತೋಳು ಅದುಮಿ ಹಿಡಿದು, “ಏನೂ ಆಗಂಗಿಲ್ಲ, ಸುಮ್ನಿರು” ಎಂದು ಗದರಿಸಿ ಸೂಜಿ ಚುಚ್ಚುವುದು ಎಷ್ಟೋ ಕಡೆ ರೂಢಿಯಾಗಿಬಿಟ್ಟಿದೆ.

ಈ ರೂಢಿ ಹೋಗಬೇಕು. ಸೂಜಿಗೆ ಮೊದಲು ಮಗುವಿನ ಗಮನವನ್ನು ಆಟಕ್ಕೋ ಕತೆಗೋ ತಿರುಗಿಸುವುದು ರಕ್ತ ತೆಗೆಯುವ ಕೆಲಸದ ಭಾಗವೇ ಆಗಬೇಕು. ಅವತ್ತು ಪಾಳಿಯಲ್ಲಿರುವ ಸಿಸ್ಟರ್ ಮೃದು ಮನಸ್ಸಿನವರಾದರೆ ಮಾತ್ರ ಸಿಗುವ ಭಾಗ್ಯ ಅದಾಗಬಾರದು.

ಇದು ಬರೀ ಮುದ್ದು ಮಾಡುವುದಲ್ಲ

ಚುಚ್ಚುವುದು ಚರ್ಮಕ್ಕಾದರೂ ನೋವು ಎಷ್ಟು ಎಂದು ತೀರ್ಮಾನಿಸುವುದು ಮೆದುಳು. ನೋವಿನ ಸುದ್ದಿ ಬೆನ್ನುಹುರಿಯಲ್ಲಿ ಒಂದು ಬಾಗಿಲು ದಾಟಿಯೇ ಮೇಲೆ ಹೋಗಬೇಕು, ಆ ಬಾಗಿಲನ್ನು ಮೆದುಳು ಅರ್ಧ ಮುಚ್ಚಲೂಬಹುದು ಎಂದು ರೊನಾಲ್ಡ್ ಮೆಲ್ಜಾಕ್ ಮತ್ತು ಪ್ಯಾಟ್ರಿಕ್ ವಾಲ್ 1965ರಲ್ಲೇ ಹೇಳಿದ್ದರು. 2012ರಲ್ಲಿ ಜರ್ಮನಿಯ ಹ್ಯಾಂಬರ್ಗ್‌ನ ಸಂಶೋಧಕರು ದೊಡ್ಡವರ ತೋಳಿಗೆ ಬಿಸಿ ಮುಟ್ಟಿಸುತ್ತ, ಅದೇ ಹೊತ್ತಿಗೆ ನೆನಪಿನ ಆಟ ಆಡಿಸಿ ಸ್ಕ್ಯಾನ್ ಮಾಡಿ ನೋಡಿದರು. ಆಟ ಕಠಿಣವಾದಾಗ ನೋವಿನ ಸುದ್ದಿ ಬೆನ್ನುಹುರಿಯಲ್ಲೇ ಕುಗ್ಗಿತ್ತು.

ಮಕ್ಕಳ ಮೇಲಿನ ಅನುಭವವೂ ಇದನ್ನೇ ಹೇಳುತ್ತದೆ. ಇಟಲಿಯ ಸಿಯೆನಾದಲ್ಲಿ 7ರಿಂದ 12 ವರ್ಷದ 69 ಮಕ್ಕಳ ರಕ್ತ ತೆಗೆಯುವಾಗ ಕೆಲವರಿಗೆ ಟಿವಿಯಲ್ಲಿ ಕಾರ್ಟೂನ್ ಹಾಕಿದರು. 2006ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಅತಿ ಕಡಿಮೆ ನೋವು ಹೇಳಿಕೊಂಡವರು ಆ ಮಕ್ಕಳೇ. 2018ರಲ್ಲಿ ಕಾಕ್ರೇನ್ ಸಂಸ್ಥೆಯ ತಜ್ಞರು ಇಂಥ 59 ಅಧ್ಯಯನಗಳನ್ನು, ಅಂದರೆ 5,550 ಮಕ್ಕಳ ಲೆಕ್ಕವನ್ನು ಒಟ್ಟಿಗಿಟ್ಟು ನೋಡಿದರು. ಗಮನ ತಿರುಗಿಸಿದರೆ ಸೂಜಿಯ ನೋವೂ ಅಂಜಿಕೆಯೂ ಇಳಿಯುತ್ತವೆ ಎಂಬ ಕಡೆಗೇ ಅವರ ತೀರ್ಪು ವಾಲಿತು. ಪುರಾವೆ ಇನ್ನೂ ಗಟ್ಟಿಯಾಗಬೇಕು ಎಂದೂ ಅವರು ಹೇಳಿದ್ದಾರೆ. ಆದರೆ ಹೆಚ್ಚು ಖರ್ಚಿಲ್ಲದ, ಅಪಾಯವಿಲ್ಲದ ಉಪಾಯಕ್ಕೆ ಇನ್ನೆಷ್ಟು ವರ್ಷ ಕಾಯೋಣ?

ಬರುವ ತಕರಾರುಗಳು

“ಪಾಳಿ ಉದ್ದ ಐತಿ, ಆಟ ಆಡಸ್ಕೋತ ಕುಂದ್ರಾಕ ಟೈಮ್ ಎಲ್ಲೈತಿ?” ಸಂತೆ ದಿನದ ನೂಕುನುಗ್ಗಲು ನಮಗೂ ಗೊತ್ತು. ಆದರೆ ಒದ್ದಾಡುವ ಮಗುವಿಗೆ ಮೂವರು ಬೇಕು, ನರ ತಪ್ಪುತ್ತದೆ, ಎರಡನೇ ಸಲ ಚುಚ್ಚಬೇಕಾಗುತ್ತದೆ. ತಡವರಿಸಿ ತೆಗೆದ ರಕ್ತ ಟ್ಯೂಬಿನಲ್ಲೇ ಹೆಪ್ಪುಗಟ್ಟಿದರೆ ಪುನಃ ಕರೆಸಬೇಕು. ಆಟಕ್ಕೆ ಹಿಡಿಯುವ ಎರಡು ನಿಮಿಷ ಇದಕ್ಕಿಂತ ಅಗ್ಗ.

“ಮಕ್ಕಳು ಗಟ್ಟಿ ಆಗ್ಲಿ ಬಿಡ್ರಿ.” ಅದುಮಿ ಹಿಡಿದರೆ ಮಗು ಗಟ್ಟಿಯಾಗುವುದಿಲ್ಲ, ಅಂಜಿಕೆ ಗಟ್ಟಿಯಾಗುತ್ತದೆ. 10ನೇ ಮತ್ತು 16ನೇ ವಯಸ್ಸಿನ ಟಿಡಿ ಲಸಿಕೆಯ ದಿನ ಶಾಲೆ ತಪ್ಪಿಸುವ ಹುಡುಗರನ್ನು, ನಡುವಯಸ್ಸಿನಲ್ಲೂ ಸಕ್ಕರೆ ತಪಾಸಣೆ ಮುಂದೂಡುವವರನ್ನು ಕೇಳಿ ನೋಡಿ. ಎಷ್ಟೋ ಜನರ ಸೂಜಿಭಯದ ಬೇರು ಬಾಲ್ಯದಲ್ಲೇ ಸಿಗುತ್ತದೆ.

“ಅಷ್ಟು ರಕ್ತ ತಗೊಂಡ್ರ ಕೂಸಿನ ಗತಿ ಏನು?” ಇದು ಆಯಿಯರ ಪ್ರಶ್ನೆ. 12 ಕಿಲೋ ತೂಕದ ಮಗುವಿನ ಮೈಯಲ್ಲಿ ಸುಮಾರು 900 ಮಿಲಿಲೀಟರ್ ರಕ್ತವಿರುತ್ತದೆ. ನೇರಳೆ ಮುಚ್ಚಳದ ಟ್ಯೂಬಿಗೆ ಹೋಗುವುದು 2 ಮಿಲಿಲೀಟರ್, ಅರ್ಧ ಚಮಚಕ್ಕಿಂತ ಕಡಿಮೆ. ಇದನ್ನು ಮನೆಯಲ್ಲೇ ಹೇಳಿದರೆ ದೊಡ್ಡವರ ಮುಖದ ಗಾಬರಿ ಮಗುವಿಗೆ ದಾಟುವುದಿಲ್ಲ.

ಮಾಡುವುದು ಹೇಗೆ?

ರಬ್ಬರ್ ಪಟ್ಟಿ ಕಟ್ಟಿ, ಸ್ಪಿರಿಟ್ ಹತ್ತಿಯ ತಂಪು ತಾಗುವಷ್ಟರಲ್ಲೇ ಮಗುವಿನ ಅಂಜಿಕೆ ನೆತ್ತಿಗೇರಿರುತ್ತದೆ. ಆದ್ದರಿಂದ ಆಟ ಅದಕ್ಕೂ ಮೊದಲೇ ಶುರುವಾಗಬೇಕು; ಹತ್ತಿ ಒತ್ತಿ, ಪಟ್ಟಿ ಅಂಟಿಸಿ, ಮಗು ಕುರ್ಚಿಯಿಂದ ಇಳಿಯುವವರೆಗೂ ನಿಲ್ಲಬಾರದು.

ಮೊಲೆ ಕುಡಿಯುವ ಕೂಸಿಗೆ ಹಾಲೇ ಔಷಧಿ: ಚುಚ್ಚುವ ಮೊದಲೂ ಚುಚ್ಚುವಾಗಲೂ ಕುಡಿಯುತ್ತಿರಲಿ. ಎರಡು-ಮೂರು ವರ್ಷದವರನ್ನು ಅವ್ವನ ಎದೆಗೆ ಆನಿಸಿ ಕೂರಿಸಿ, ಗಿಲಕಿ ಆಡಿಸಿ. ನಾಲ್ಕರಿಂದ ಏಳು ವರ್ಷದವರಿಗೆ ಸಾಬೂನಿನ ಗುಳ್ಳೆ, ಕಾಗದದ ಗಿರಗಿಟ್ಲೆ ಕೊಡಿ. ಊದುವಾಗ ಉಸಿರು ತಾನಾಗಿ ನಿಧಾನವಾಗುತ್ತದೆ, ಮೈ ಸಡಿಲವಾಗುತ್ತದೆ.

ನಮ್ಮೂರಲ್ಲೇ ಇರುವ ಇನ್ನೊಂದು ಸಾಧನ ಗೋಕಾಕದ ಗೊಂಬೆ. ಬಣ್ಣ ಹಚ್ಚಿದ ಮರದ ಬಾಳೆ, ಮಾವು, ಪೇರಲ ಹಣ್ಣುಗಳನ್ನು ಒಂದು ಬಟ್ಟೆಯ ಚೀಲದಲ್ಲಿ ಹಾಕಿಡಿ. ಒಂದು ಕೈ ಲ್ಯಾಬಿನವರ ಹತ್ತಿರ, ಇನ್ನೊಂದು ಕೈ ಚೀಲದೊಳಗೆ. “ನೋಡ್ಬ್ಯಾಡ ಮತ್ತ, ಮುಟ್ಟೇ ಹೇಳಬೇಕು, ಯಾವ ಹಣ್ಣು?” ತೊಟ್ಟು ಹುಡುಕುವ ಬೆರಳಿನ ಹಿಂದೆ ಮಗುವಿನ ಬುದ್ಧಿಯೆಲ್ಲ ಹೋಗುತ್ತದೆ. ತಪ್ಪು ಹೇಳಿದರೆ ಇನ್ನೊಂದು ಹಣ್ಣು, ಇನ್ನೊಂದು ಸರತಿ. ಅಷ್ಟರಲ್ಲಿ ಟ್ಯೂಬು ತುಂಬಿರುತ್ತದೆ.

ಎಂಟು ದಾಟಿದವರಿಗೆ ಒಡಪು ಹಾಕಿ, 50ರಿಂದ ಮೂರು ಮೂರು ಬಿಟ್ಟು ಹಿಂದಕ್ಕೆ ಎಣಿಸಲು ಹೇಳಿ, ಮೊಬೈಲಿನಲ್ಲಿ ಕಾರ್ಟೂನ್ ತೋರಿಸಿ. ಕೆಲವರಿಗೆ ಸೂಜಿ ನೋಡಿದರೇ ಸಮಾಧಾನ. ಅಂಥವರ ಮುಖ ತಿರುಗಿಸಬೇಡಿ.

ಗಮನ ತಿರುಗಿಸುವುದೆಂದರೆ ಸುಳ್ಳು ಹೇಳುವುದಲ್ಲ. “ಚುರ್ ಅಂತೈತಿ, ಲಗೂನ ಹೋಗ್ತೈತಿ” ಎಂದು ಮೊದಲೇ ಹೇಳಿ. “ಏನೂ ಆಗಂಗಿಲ್ಲ” ಎಂದು ಚುಚ್ಚಿದರೆ ಮುಂದಿನ ಸಲ ನಿಮ್ಮ ಯಾವ ಮಾತನ್ನೂ ಮಗು ನಂಬುವುದಿಲ್ಲ. ಥಲಸ್ಸೀಮಿಯಾದಂಥ ಕಾಯಿಲೆಯಿಂದ ಮತ್ತೆ ಮತ್ತೆ ಸೂಜಿ ಕಾಣುವ ಮಕ್ಕಳಿಗೆ ಆಟವಷ್ಟೇ ಸಾಲದು. ಚರ್ಮ ಜೋಮು ಹಿಡಿಸುವ ಮುಲಾಮಿನ ಬಗ್ಗೆ ಡಾಕ್ಟರನ್ನು ಕೇಳಿ.

ನಮ್ಮ ಬೇಡಿಕೆಗಳು

1. ಮೂರೂ ತಾಲೂಕಿನ ಪ್ರತಿ ಸರಕಾರಿ ದವಾಖಾನೆ, ಪ್ರಾಥಮಿಕ ಆರೋಗ್ಯ ಕೇಂದ್ರ, ಖಾಸಗಿ ಲ್ಯಾಬಿನಲ್ಲಿ ರಕ್ತ ತೆಗೆಯುವ ಮೇಜಿನ ಪಕ್ಕ ಒಂದು ಆಟದ ಬುಟ್ಟಿ ಇರಲಿ. ಸರಕಾರಿ ದವಾಖಾನೆಗಳಲ್ಲಿ ಇದರ ಖರ್ಚನ್ನು ಆರೋಗ್ಯ ರಕ್ಷಾ ಸಮಿತಿ ಹೊರಲಿ.

2. ಸೂಜಿ ಹಿಡಿಯುವವರು ಬೇರೆ, ಆಟ ಆಡಿಸುವವರು ಬೇರೆ ಇರಲಿ. ಅವ್ವ ಅಥವಾ ಅಪ್ಪನನ್ನು ಹೊರಗೆ ಕಳಿಸದೆ ಈ ಕೆಲಸ ಅವರಿಗೇ ಒಪ್ಪಿಸಿ.

3. ಮಗುವನ್ನು ಮಲಗಿಸಿ ಅದುಮುವ ಬದಲು ಪಾಲಕರ ತೊಡೆಯ ಮೇಲೆ ಕೂರಿಸಿ ರಕ್ತ ತೆಗೆಯಿರಿ.

4. ಎರಡು ಸಲ ಚುಚ್ಚಿದರೂ ನರ ಸಿಗದಿದ್ದರೆ ಹೆಚ್ಚು ಕೈ ಪಳಗಿದವರನ್ನು ಕರೆಯಿರಿ.

ಪಾಲಕರಲ್ಲೂ ಒಂದು ಬೇಡಿಕೆ: “ಊಟ ಮಾಡದಿದ್ರ ಡಾಕ್ಟರ್ ಕಡೆ ಸೂಜಿ ಮಾಡಸ್ತೀನಿ” ಎಂದು ಹೆದರಿಸುವುದನ್ನು ಇವತ್ತೇ ಬಿಡಿ. ಮನೆಯಲ್ಲಿ ನಾವು ಬಿತ್ತಿದ್ದನ್ನೇ ದವಾಖಾನೆಯಲ್ಲಿ ಸಿಸ್ಟರ್ ಕೊಯ್ಯಬೇಕಾಗುತ್ತದೆ.

ಓದಿದ ಮೇಲೆ ಈ ಹಾಳೆಯನ್ನು ನಿಮ್ಮೂರ ಆಶಾ ಕಾರ್ಯಕರ್ತೆಗೋ ಅಂಗನವಾಡಿ ಶಿಕ್ಷಕಿಗೋ ಲ್ಯಾಬಿನವರಿಗೋ ಕೊಡಿ. ಮುಂದಿನ ಸಲ ಮಗುವಿನ ರಕ್ತ ಕೊಡಲು ಹೋದಾಗ ನಾಚಿಕೆಪಡದೆ ಕೇಳಿ: “ಸಿಸ್ಟರ್, ಕೂಸು ನನ್ನ ತೊಡಿ ಮ್ಯಾಲ ಕುಂದ್ರಲಿ, ನಾ ಆಟ ಹಚ್ತೀನಿ. ಎರಡು ನಿಮಿಷ ತಡೀರಿ.”

— ಮೂರು ತಾಲೂಕಿನ ಪಾಲಕರ ಪರವಾಗಿ